ಸಹಾಯ ಬೇಕು: ಅಜ್ಜನ ಹಳೇ ಪ್ರಜಾವಾಣಿ ಕಟ್ಟು ಉಳಿಸಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಊರಿನ ಮನೆ ಅಟ್ಟದಲ್ಲಿ ಅಜ್ಜ ಸೆಣಬಿನ ದಾರದಲ್ಲಿ ಕಟ್ಟಿಟ್ಟಿದ್ದ ಹಳೇ ಪ್ರಜಾವಾಣಿಗಳು ಸಿಕ್ಕಿವೆ. ಕೆ.ಎನ್. ಗುರುಸ್ವಾಮಿಯವರು 1948ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಪತ್ರಿಕೆ. ಮೊದಲ ಸಂಪಾದಕರು ಬಿ. ಪುಟ್ಟಸ್ವಾಮಯ್ಯ. ಆಮೇಲೆ ಸಂಪಾದಕರಾಗಿ ಬಂದ ಟಿಎಸ್ಸಾರ್ (ಟಿ.ಎಸ್. ರಾಮಚಂದ್ರರಾವ್) ಅವರ ‘ಛೂಬಾಣ’ ಅಂಕಣ ಅಂದರೆ ಅಜ್ಜನಿಗೆ ಪ್ರಾಣ. ಸಾಲುಗಳ ಕೆಳಗೆ ನೀಲಿ ಪೆನ್ಸಿಲ್ ಗೆರೆ ಇನ್ನೂ ಹಾಗೇ ಇದೆ.

ಆದರೆ ಕಾಗದ ಹಪ್ಪಳದಂತಾಗಿದೆ. ಮಡಿಕೆ ಬಿಡಿಸಿದರೆ ಅಂಚು ಪುಡಿಪುಡಿಯಾಗಿ ಕೈಗೆ ಬರುತ್ತೆ, ಒಂದೆರಡು ಪುಟದಲ್ಲಿ ಹುಳ ತಿಂದ ತೂತು. ಹರಿಯದಂತೆ ಬಿಡಿಸಿ ಫೋಟೊ ತೆಗೆಯುವುದು ಹೇಗೆ? ಸ್ಕ್ಯಾನರ್ ಮೇಲೆ ಒತ್ತಬಹುದಾ? ಏಕೀಕರಣವಾದ ದಿನದ, ಅಂದರೆ 1956ರ ನವೆಂಬರ್ 1ರ ಸಂಚಿಕೆ ಮಾತ್ರ ಕಟ್ಟಿನಲ್ಲಿ ಇಲ್ಲ. ಯಾವ ಗ್ರಂಥಾಲಯದಲ್ಲಾದರೂ ನೋಡಿದ್ದೀರಾ? ಈ ಕೆಲಸ ಮಾಡಿ ಗೊತ್ತಿರುವವರು ದಯವಿಟ್ಟು ತಿಳಿಸಿ. ಮಳೆಗಾಲ ಹಿಡಿಯುವ ಮೊದಲೇ ಮುಗಿಸಬೇಕು.