ಜೀತವೋ ಗುಲಾಮಗಿರಿಯೋ? ‘ಅಪ್ರೆಂಟಿಸ್’ಗೆ ಕನ್ನಡವೇನು?

ಪ್ರಶ್ನೆ: ಜಮೈಕಾದ ಕಬ್ಬಿನ ತೋಟಗಳ ಚರಿತ್ರೆಯನ್ನು ಕನ್ನಡಕ್ಕೆ ತರುವಾಗ, ಅಲ್ಲಿ ದುಡಿದ ಆಫ್ರಿಕನ್ನರನ್ನು ‘ಜೀತದಾಳು’ ಎನ್ನಬಹುದೇ? 1834ರ ನಂತರ ಅವರು ‘ಅಪ್ರೆಂಟಿಸ್’ಗಳಾದರು ಎಂದಿರುವಲ್ಲಿ ‘ತರಬೇತಿ ಪಡೆಯುವವರು’ ಎಂದರೆ ಸಾಕೇ?

ಉತ್ತರ: ಎರಡೂ ಬೇಡ.

ಜೀತ ‘ಜೀವಿತ’ದ ತದ್ಭವ. ಹಿಂದೆ ಅದಕ್ಕೆ ಸಂಬಳ ಎಂದೇ ಅರ್ಥವಿತ್ತು. ತೆಲುಗಿನವರು ಇವತ್ತಿಗೂ ಸಂಬಳಕ್ಕೆ ‘ಜೀತಂ’ ಎನ್ನುತ್ತಾರೆ. ನಮ್ಮಲ್ಲಿ ಅದು ಸಾಲ ತೀರಿಸಲು ಆಳಾಗಿ ದುಡಿಯುವುದಕ್ಕೆ ನಿಂತಿತು. 1976ರ ಕಾಯ್ದೆ ರದ್ದು ಮಾಡಿದ್ದು ಈ ಪದ್ಧತಿಯನ್ನೇ. ಹಾಗಾಗಿ ಜೀತ ಎಂದೊಡನೆ ಓದುವವರ ಮನಸ್ಸಿಗೆ ಸಾಲ ಬರುತ್ತದೆ. ಜಮೈಕಾದಲ್ಲಿ ಸಾಲದ ಮಾತೇ ಇಲ್ಲ, ಮನುಷ್ಯನೇ ಸೊತ್ತು. ಮಾರಬಹುದಿತ್ತು, ಅಡವಿಡಬಹುದಿತ್ತು, ಉಯಿಲಿನಲ್ಲಿ ಬರೆದಿಡಬಹುದಿತ್ತು. ತಾಯಿ ಗುಲಾಮಗಿರಿಯಲ್ಲಿದ್ದರೆ ಮಗುವೂ ಹುಟ್ಟುತ್ತಲೇ ಒಡೆಯನ ಪಾಲು. ಇದಕ್ಕೆ ‘ಗುಲಾಮಗಿರಿ’ಯೇ ಸರಿ. ‘ದಾಸ’ ಎಂದರೆ ಪುರಂದರದಾಸರು ನೆನಪಾಗುತ್ತಾರೆ. ‘ತೊತ್ತು’ ಹೆಣ್ಣಾಳಿಗೆ ಅಂಟಿಕೊಂಡ ಪದ.

‘ಅಪ್ರೆಂಟಿಸ್’ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಗುಲಾಮಗಿರಿಯನ್ನು ರದ್ದು ಮಾಡಿದ ಬ್ರಿಟನ್ನಿನ 1833ರ ಕಾಯ್ದೆ 1834ರ ಆಗಸ್ಟ್ 1ರಂದು ಜಾರಿಯಾದಾಗ ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಕೂಡಲೇ ಪೂರ್ಣ ಬಿಡುಗಡೆ. ಹೊಲದಲ್ಲಿ ದುಡಿಯುವವರು ಆರು ವರ್ಷ, ಉಳಿದವರು ನಾಲ್ಕು ವರ್ಷ ‘ಅಪ್ರೆಂಟಿಸ್’ ಎಂಬ ಹೆಸರಿನಲ್ಲಿ ಹಳೆಯ ಒಡೆಯನಿಗೇ ದುಡಿಯಬೇಕಿತ್ತು. ಹೊಲದವರಾದರೆ ವಾರಕ್ಕೆ 45 ಗಂಟೆಯವರೆಗೆ, ಕೂಲಿಯಿಲ್ಲದೆ. ಹುಟ್ಟಿದಾಗಿನಿಂದ ಕಬ್ಬು ಕಡಿದವರು ಕಲಿಯುವುದು ಏನಿತ್ತು? ತಪ್ಪು ಹೊರಿಸಿ ಜೈಲಿಗೆ ಕಳಿಸಿದರೆ, ಕೈಗಳನ್ನು ಮೇಲಿನ ಅಡ್ಡಮರಕ್ಕೆ ಬಿಗಿದು, ತಿರುಗುವ ಮೆಟ್ಟಿಲುಗಾಲಿಯನ್ನು ತುಳಿಸುತ್ತಿದ್ದರು. ಹೆಜ್ಜೆ ತಪ್ಪಿದವರು ಕೈಯ ಮೇಲೆ ಜೋತಾಡುತ್ತಿದ್ದರು, ಒಂದೊಂದು ಹಲಗೆಯೂ ಬಂದು ಮೊಣಕಾಲ ಕೆಳಗಿನ ಎಲುಬಿಗೆ ಬಡಿಯುತ್ತಿತ್ತು. ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಇಂಗ್ಲೆಂಡಿನ ಜೋಸೆಫ್ ಸ್ಟರ್ಜ್ ಮೊದಲಾದವರು ವೆಸ್ಟ್ ಇಂಡೀಸ್ ದ್ವೀಪಗಳಿಗೇ ಹೋಗಿ ಕಂಡುಬಂದು ಇಂಥದ್ದನ್ನೆಲ್ಲ ಬಯಲಿಗೆಳೆದರು. ಹೋರಾಟ ಬಲವಾಗಿ, ಹೊಲದವರ ಅವಧಿಯೂ ಎರಡು ವರ್ಷ ಮೊದಲೇ, 1838ರ ಆಗಸ್ಟ್ 1ಕ್ಕೆ ಮುಗಿಯಿತು. ಇದನ್ನು ‘ತರಬೇತಿ’ ಎಂದು ಬರೆದರೆ ಒಡೆಯರು ಹೊದಿಸಿದ ಮುಸುಕನ್ನು ನಾವೂ ಹೊದಿಸಿದಂತೆ. ‘ಅಪ್ರೆಂಟಿಸ್’ ಹಾಗೇ ಇರಲಿ. ಮೊದಲ ಸಲ ಬಂದಲ್ಲಿ ‘ಕೂಲಿಯಿಲ್ಲದ ಕಡ್ಡಾಯ ದುಡಿಮೆ’ ಎಂದು ಬಿಡಿಸಿ ಹೇಳಿ.

1807ರ ಕಾಯ್ದೆಗೆ ‘ಗುಲಾಮರ ವ್ಯಾಪಾರ ನಿಷೇಧ’ ಎನ್ನಿ. ‘ಗುಲಾಮಗಿರಿ ರದ್ದು’ 1833ರದು. ಇವೆರಡು ಕಲಸಿಹೋದರೆ ನಡುವಿನ 26 ವರ್ಷ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ.

ಇನ್ನೊಂದು ಪದ ‘ಪರಿಹಾರ’. ಕನ್ನಡದಲ್ಲಿ ಪರಿಹಾರ ಎಂದರೆ ನೊಂದವರಿಗೆ ಸಿಕ್ಕಿತು ಎಂದೇ ಓದಿಕೊಳ್ಳುತ್ತೇವೆ. ಬ್ರಿಟನ್ ಸರ್ಕಾರ ಆಗ ಮಂಜೂರು ಮಾಡಿದ 2 ಕೋಟಿ ಪೌಂಡ್ ಹೋದದ್ದು ಒಡೆಯರಿಗೆ, ದುಡಿದವರಿಗೆ ಬಿಡಿಗಾಸೂ ಇಲ್ಲ. ಆ ಪದ ಬಂದಲ್ಲೆಲ್ಲ ‘ಒಡೆಯರಿಗೆ ಕೊಟ್ಟ ಪರಿಹಾರ’ ಎಂದು ಪೂರ್ತಿಯಾಗಿಯೇ ಬರೆಯಿರಿ.