ಪ್ರವಾಸದ ಚಿತ್ರಗಳು ಮನೆಗೆ ಬಂದು ನೋಡಿದಾಗ ಸಪ್ಪೆಯಾಗಿರುವುದೇಕೆ? ಅನುಭವ ಹಂಚಿಕೊಳ್ಳಿ

ಪ್ರಶ್ನೆ

ಕಳೆದ ತಿಂಗಳು ಮನೆಯವರೊಂದಿಗೆ ಆರು ದಿನಗಳ ಪ್ರವಾಸ ಮುಗಿಸಿ ಬಂದೆ. ಮೊಬೈಲ್ ಮತ್ತು ಹೊಸದಾಗಿ ಕೊಂಡ ಮಿರರ್‌ಲೆಸ್ ಕ್ಯಾಮೆರಾ ಎರಡರಲ್ಲೂ ಸೇರಿ ಸುಮಾರು 1,800 ಚಿತ್ರಗಳನ್ನು ತೆಗೆದಿದ್ದೇನೆ, ಆದರೆ ಮತ್ತೊಮ್ಮೆ ನೋಡಬೇಕು ಎನ್ನಿಸುವಂಥವು ಹತ್ತೂ ಇಲ್ಲ. ಕೆಲವದರಲ್ಲಿ ಆಕಾಶ ಪೂರ್ತಿ ಬೆಳ್ಳಗಾಗಿದೆ, ಕೆಲವದರಲ್ಲಿ ಮುಖಗಳು ಕಪ್ಪಾಗಿವೆ. ಇನ್ನೂ ಒಳ್ಳೆಯ ಲೆನ್ಸ್ ಕೊಳ್ಳಬೇಕೆ, ಅಥವಾ ತೆಗೆಯುವ ರೀತಿಯನ್ನೇ ಬದಲಿಸಬೇಕೆ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1

ಲೆನ್ಸ್ ಕೊಳ್ಳುವ ವಿಚಾರವನ್ನು ಸದ್ಯಕ್ಕೆ ಬದಿಗಿಡಿ. ಅದಕ್ಕೂ ಮೊದಲು ಪ್ರತಿ ಚಿತ್ರದ ವಿವರದಲ್ಲಿ ದಾಖಲಾಗಿರುವ ಸಮಯವನ್ನು ಗಮನಿಸಿ. ಬಹುಪಾಲು ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರೊಳಗೆ ತೆಗೆದವು ಎಂಬುದು ನನ್ನ ಊಹೆ, ಏಕೆಂದರೆ ಬಿಸಿಲೇರಿದ ಮೇಲೆ ಹೊರಟು ಕತ್ತಲಾಗುವ ಮೊದಲೇ ಕೋಣೆಗೆ ಮರಳುವ ಪ್ರವಾಸಗಳಲ್ಲಿ ನನಗೂ ವರ್ಷಗಟ್ಟಲೆ ಹೀಗೆಯೇ ಆಗಿತ್ತು. ಸೂರ್ಯ ನೆತ್ತಿಯ ಮೇಲಿರುವಾಗ ಹುಬ್ಬು, ಮೂಗುಗಳ ಕೆಳಗೆ ಗಾಢವಾದ ನೆರಳು ಬೀಳುತ್ತದೆ, ಬೆಟ್ಟ ಮತ್ತು ಗೋಡೆಗಳು ಚಪ್ಪಟೆಯಾಗಿ ಕಾಣುತ್ತವೆ. ಅದೇ ಸೂರ್ಯ ದಿಗಂತದ ಸಮೀಪವಿದ್ದರೆ ಬೆಳಕು ವಾತಾವರಣದಲ್ಲಿ ಹೆಚ್ಚು ದೂರ ಹಾದು ಬರಬೇಕಾಗುವುದರಿಂದ ಅದರ ನೀಲಿ ಅಂಶ ದಾರಿಯಲ್ಲೇ ಚದುರಿ ಹೊಂಬಣ್ಣ ಉಳಿಯುತ್ತದೆ, ಮತ್ತು ಓರೆಯಾಗಿ ಬೀಳುವ ಆ ಬೆಳಕಿನಲ್ಲಿ ಕಲ್ಲಿನ ಮೇಲಿನ ಉಳಿಯ ಗುರುತು, ಮರಳಿನ ಮೇಲಿನ ಗಾಳಿಯ ಗೆರೆಗಳೂ ಎದ್ದು ಕಾಣುತ್ತವೆ.

ಇದಕ್ಕಿಂತ ಮುಖ್ಯವಾದುದು ಒಂದೆಡೆ ಕಾಯುವುದು. ಒಮ್ಮೆ ಹಳೆಯ ಕೋಟೆಯೊಂದರ ಮೆಟ್ಟಿಲುಗಳ ಎದುರು ಸಂಜೆ ಐದರ ಹೊತ್ತಿಗೆ ನಿಂತಿದ್ದೆ. ಗೋಡೆಗಳ ಸಂದಿಯಿಂದ ತೂರಿ ಬಂದ ಬಿಸಿಲು ಮೂರನೆಯ ಮೆಟ್ಟಿಲಿನ ಮೇಲೆ ಅಂಗೈ ಅಗಲದ ಪಟ್ಟಿಯಾಗಿ ಬಿದ್ದಿತ್ತು. ಜೊತೆಗಿದ್ದವರು ಎರಡೆರಡು ಚಿತ್ರ ತೆಗೆದು ಮುಂದಕ್ಕೆ ಹೋದರು. ಸೂರ್ಯ ಇಳಿದಂತೆಲ್ಲ ಆ ಪಟ್ಟಿ ಒಂದೊಂದೇ ಮೆಟ್ಟಿಲು ಏರಿತು. ಅದು ಏಳನೆಯ ಮೆಟ್ಟಿಲು ಮುಟ್ಟುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಆಗ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ಇಳಿದು ಬಂದ ಹುಡುಗಿಯೊಬ್ಬಳ ಪಾದ ಸರಿಯಾಗಿ ಆ ಬೆಳಕಿನ ಮೇಲೆ ಬಿತ್ತು. ಆ ಪ್ರವಾಸದಲ್ಲಿ ನಾನು ಇಂದಿಗೂ ಗೋಡೆಗೆ ಹಾಕಿಟ್ಟುಕೊಂಡಿರುವ ಚಿತ್ರ ಅದೊಂದೇ. ಐದು ಜಾಗಗಳನ್ನು ಓಡಿ ನೋಡುವ ಬದಲು ಎರಡನ್ನು ಬಿಟ್ಟು, ಆ ಸಮಯವನ್ನು ಒಂದೇ ಜಾಗಕ್ಕೆ ಕೊಡಿ ಎಂದು ಕಳಕಳಿಯಿಂದ ಹೇಳುತ್ತೇನೆ.

ಉತ್ತರ 2

ಮೇಲಿನವರ ಮಾತು ನಿಜವಾದರೂ ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಹೋದವರಿಗೆ ನಲವತ್ತು ನಿಮಿಷ ಕಾಯುವುದು ಸಾಧ್ಯವಾಗುವುದಿಲ್ಲ, ಕಾಯಿಸುವುದು ನ್ಯಾಯವೂ ಅಲ್ಲ. ನಾನು ಮಾಡಿಕೊಂಡಿರುವ ವ್ಯವಸ್ಥೆ ಏನೆಂದರೆ, ಎಲ್ಲರೂ ಮಲಗಿರುವಾಗ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ಒಬ್ಬನೇ ಹೊರಟು ಅವರು ಏಳುವ ಹೊತ್ತಿಗೆ ಹಿಂತಿರುಗುತ್ತೇನೆ. ಆ ಹೊತ್ತಿನಲ್ಲಿ ಜನಸಂದಣಿಯೂ ಇರುವುದಿಲ್ಲ. ಉಳಿದ ಹಗಲೆಲ್ಲ ಮನೆಯವರ ಪಾಲು.

ಮಧ್ಯಾಹ್ನವೇ ಮುಖಗಳ ಚಿತ್ರ ತೆಗೆಯಬೇಕಾದರೆ ಬಾಗಿಲಿನ ಒಳಗೆ, ಬಿಸಿಲು ನೇರವಾಗಿ ಬೀಳದ ಜಾಗದಲ್ಲಿ ಅವರನ್ನು ಹೊರಗಿನ ಬೆಳಕಿಗೆ ಮುಖ ಮಾಡಿ ನಿಲ್ಲಿಸಿ. ನೀವು ಹೇಳಿದ ಕಪ್ಪು ಮುಖಗಳ ತೊಂದರೆಗೆ ಬಹುತೇಕ ಇಷ್ಟೇ ಪರಿಹಾರ. ಅಪರಿಚಿತರ ಚಿತ್ರವಾದರೆ ಮೊದಲು ಮಾತನಾಡಿ, ಒಪ್ಪಿಗೆ ಪಡೆದ ಮೇಲೆಯೇ ಕ್ಯಾಮೆರಾ ಎತ್ತಿ. ಮೊದಲ ಚಿತ್ರಕ್ಕೆ ಎಲ್ಲರೂ ಬಿಗಿಯಾಗಿ ನಿಲ್ಲುತ್ತಾರೆ, ಅದನ್ನು ಅವರಿಗೇ ತೋರಿಸಿ. ನೋಡಿ ನಕ್ಕು ತಮ್ಮ ಕೆಲಸಕ್ಕೆ ಮರಳುತ್ತಾರಲ್ಲ, ಎರಡನೆಯ ಚಿತ್ರ ಅಲ್ಲಿದೆ.

ಪ್ರಶ್ನೆ ಕೇಳಿದವರಿಂದ

ಸಮಯ ನೋಡಿದೆ. ಬೆಳಿಗ್ಗೆ ಏಳಕ್ಕಿಂತ ಮೊದಲು ತೆಗೆದವು 11 ಮಾತ್ರ, ಅದೂ ರೈಲಿಗೆ ಹೊರಟ ದಿನದವು. ನನಗೆ ಇಷ್ಟವಾದ ಒಂಬತ್ತರಲ್ಲಿ ನಾಲ್ಕು ಆ ಹನ್ನೊಂದರಲ್ಲೇ ಇವೆ. ಮುಂದಿನ ಪ್ರವಾಸ ಹಿಮ ಬೀಳುವ ಪ್ರದೇಶಕ್ಕೆ. ಚಲಿಸುವ ವಾಹನದಿಂದ ತೆಗೆದವು ಕದಲಿಹೋಗುವುದಕ್ಕೂ ಏನಾದರೂ ಉಪಾಯವಿದ್ದರೆ ಹೇಳಿ.

ಉತ್ತರ 3

ಹೊರಡುವುದಕ್ಕೆ ಎರಡು ವಾರ ಮೊದಲಿನಿಂದಲೇ ಹೊಸ ಕ್ಯಾಮೆರಾವನ್ನು ಪ್ರತಿದಿನ ಹತ್ತು ನಿಮಿಷ ಕೈಯಲ್ಲಿ ಹಿಡಿದು, ಶಟರ್ ವೇಗ (ಬೆಳಕನ್ನು ಒಳಬಿಡುವ ಅವಧಿ), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ), ಫೋಕಸ್ ಇವುಗಳನ್ನು ಗುಂಡಿ ನೋಡದೆಯೇ ಬದಲಿಸುವಷ್ಟು ರೂಢಿ ಮಾಡಿಕೊಳ್ಳಿ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ಹೆದ್ದಾರಿಯಲ್ಲಿ ಹೋಗುತ್ತಿದ್ದಾಗ, ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿರುವುದನ್ನೂ ಸ್ಮಶಾನದ ಶಿಲುಬೆಗಳ ಮೇಲೆ ಕೊನೆಯ ಬಿಸಿಲು ಬಿದ್ದಿರುವುದನ್ನೂ ಕಂಡು ಕಾರು ನಿಲ್ಲಿಸಿದರು. ಬೆಳಕು ಅಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟೆಂಬುದು ನೆನಪಿನಲ್ಲಿದ್ದುದರಿಂದ ಅದರ ಆಧಾರದ ಮೇಲೆಯೇ ಲೆಕ್ಕ ಹಾಕಿ ಚಿತ್ರ ತೆಗೆದರು. ಎರಡನೆಯದಕ್ಕೆ ಸಿದ್ಧರಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿಬಿಟ್ಟಿತ್ತು. ಅವರ ಅತ್ಯಂತ ಪ್ರಸಿದ್ಧ ಚಿತ್ರಗಳಲ್ಲಿ ಅದೂ ಒಂದು.

ವಾಹನದಿಂದ ತೆಗೆಯುವಾಗ ಶಟರ್ ವೇಗವನ್ನು ಸೆಕೆಂಡಿನ 1/1000 ಭಾಗಕ್ಕೆ ಏರಿಸಿ, ಲೆನ್ಸನ್ನು ಕಿಟಕಿಯ ಗಾಜಿಗೆ ಆದಷ್ಟು ಹತ್ತಿರ ತನ್ನಿ. ಆದರೆ ಒತ್ತಿ ಹಿಡಿಯಬೇಡಿ, ಗಾಜಿನ ಅದುರು ಕ್ಯಾಮೆರಾಕ್ಕೂ ಬರುತ್ತದೆ. ರಸ್ತೆಯಂಚಿನ ಮರಗಳು ಅಷ್ಟಾದರೂ ಕದಲುತ್ತವೆ, ದೂರದ ಬೆಟ್ಟಗಳು ನಿಲ್ಲುತ್ತವೆ. ಮೊಬೈಲಿನ ವಿಷಯದಲ್ಲಿ ಒಂದೇ ಮಾತು: ತೆಗೆಯುವ ಮೊದಲು ಮೆತ್ತನೆಯ ಬಟ್ಟೆಯಿಂದ ಲೆನ್ಸ್ ಒರೆಸಿ. ಬೆರಳಿನ ಜಿಡ್ಡಿನಿಂದ ಮಂಜುಮಂಜಾದ ನೂರಾರು ಚಿತ್ರಗಳು ನನ್ನಲ್ಲಿವೆ.

ಉತ್ತರ 4

ಹಿಮದ ಪ್ರದೇಶದ ಬಗ್ಗೆ ಹೇಳುತ್ತೇನೆ. ಕ್ಯಾಮೆರಾದ ಮೀಟರ್ ಎದುರಿಗಿರುವ ದೃಶ್ಯವನ್ನು ಸರಾಸರಿ ಬೂದು ಬಣ್ಣದ್ದೆಂದು ಭಾವಿಸಿ ಬೆಳಕನ್ನು ಲೆಕ್ಕ ಹಾಕುವುದರಿಂದ, ಎಲ್ಲೆಲ್ಲೂ ಬಿಳುಪೇ ತುಂಬಿರುವಾಗ ಬೆಳಕು ಹೆಚ್ಚಾಯಿತೆಂದು ಅದನ್ನು ತಗ್ಗಿಸಿ ಹಿಮವನ್ನು ಬೂದಿಯಂತೆ ತೋರಿಸಿಬಿಡುತ್ತದೆ. ಪ್ಲಸ್-ಮೈನಸ್ ಗುರುತಿನ ಎಕ್ಸ್‌ಪೋಷರ್ ಗುಂಡಿಯನ್ನು +1ರಿಂದ +1.5ರವರೆಗೆ ಏರಿಸಿದರೆ ಹಿಮ ಹಿಮದಂತೆಯೇ ಕಾಣುತ್ತದೆ. ಮೊಬೈಲಿನಲ್ಲಾದರೆ ಪರದೆಯನ್ನು ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ತುಸು ಮೇಲಕ್ಕೆ ಸರಿಸಬಹುದು. ಆಕಾಶ ಬೆಳ್ಳಗಾದಾಗ ಇದನ್ನೇ ತಿರುಗಿಸಿ ಮೈನಸ್ ಕಡೆಗೆ ಇಳಿಸಿ. ಕತ್ತಲಾದ ಭಾಗವನ್ನು ಆಮೇಲೆ ತಕ್ಕಮಟ್ಟಿಗೆ ತಿಳಿಯಾಗಿಸಬಹುದು, ಪೂರ್ತಿ ಬಿಳಿಯಾದ ಆಕಾಶದಲ್ಲಿ ಮೋಡಗಳನ್ನು ಮರಳಿ ತರಲಾಗುವುದಿಲ್ಲ.

ಚಳಿಯಲ್ಲಿ ಬ್ಯಾಟರಿ ಬೇಗ ಬಲ ಕಳೆದುಕೊಳ್ಳುವುದರಿಂದ ಹೆಚ್ಚುವರಿ ಬ್ಯಾಟರಿಯನ್ನು ಮೈಬಿಸಿ ತಾಗುವಂತೆ ಅಂಗಿಯ ಒಳಜೇಬಿನಲ್ಲಿಡಿ. ವಿಮಾನದಲ್ಲಿ ಅದು ಕೈಚೀಲದಲ್ಲೇ ಇರಬೇಕು, ಸರಕಿಗೆ ಹಾಕುವ ಪೆಟ್ಟಿಗೆಯಲ್ಲಿ ಬಿಡಿ ಲಿಥಿಯಂ ಬ್ಯಾಟರಿಗೆ ಅನುಮತಿಯಿಲ್ಲ. ಹೊರಗಿನ ಚಳಿಯಿಂದ ಬೆಚ್ಚಗಿನ ಕೋಣೆಗೆ ಬರುವ ಮೊದಲು ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಗಾಳಿಯಾಡದಂತೆ ಮುಚ್ಚಿ, ಇಲ್ಲವಾದರೆ ತಣ್ಣನೆಯ ಲೆನ್ಸಿನ ಮೇಲೂ ಒಳಗೂ ತೇವ ಹನಿಗಟ್ಟುತ್ತದೆ. ಆ ದಿನದ ಚಿತ್ರಗಳನ್ನು ನೋಡುವ ಆತುರವಿದ್ದರೆ ಮೆಮೊರಿ ಕಾರ್ಡನ್ನು ಹೊರಗಿರುವಾಗಲೇ ತೆಗೆದುಕೊಂಡುಬಿಡಿ, ಚೀಲವನ್ನು ಮಾತ್ರ ಒಂದೆರಡು ಗಂಟೆ ಬಿಚ್ಚಬೇಡಿ.