ಚಳಿಗಾಲದಲ್ಲಿ ಪುಟ್ಟ ಮಕ್ಕಳು: ಮಕ್ಕಳ ಡಾಕ್ಟ್ರನ್ನ ಕೇಳಿ

ಡಾಕ್ಟರ್: ದಾವಣಗೆರೆ, ಚಿತ್ರದುರ್ಗ ಎರಡೂ ಕಡೆಯ ಅಪ್ಪ-ಅಮ್ಮಂದಿರು ಈ ಗುಂಪಿನಲ್ಲಿದ್ದೀರಿ. ಇವತ್ತು ಒಂದರಿಂದ ಮೂರು ವರ್ಷದ ಮಕ್ಕಳ ಬಗ್ಗೆ ಮಾತ್ರ ಕೇಳಿ. ಫೋಟೋ ನೋಡಿ ಔಷಧಿ ಹೇಳಲ್ಲ, ಹಳೇ ಚೀಟಿ ಕಳಿಸಬೇಡಿ. ಮಗು ಈಗಲೇ ಉಸಿರಾಡೋಕೆ ಕಷ್ಟಪಡ್ತಿದ್ದರೆ ಇಲ್ಲಿ ಟೈಪ್ ಮಾಡ್ತಾ ಕೂರಬೇಡಿ, ಹತ್ತಿರದ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ (ನಿಟುವಳ್ಳಿಯ ತಾಯಿ, ಮಗಳು 1 ವರ್ಷ 8 ತಿಂಗಳು): ದೀಪಾವಳಿ ಆದಾಗಿಂದ ನೆಗಡಿ ಬಿಟ್ಟೇ ಇಲ್ಲ ಮೇಡಂ. ಒಂದು ವಾಸಿ ಆಯ್ತು ಅನ್ನೋಷ್ಟರಲ್ಲಿ ಇನ್ನೊಂದು. ಬಾಳೆಹಣ್ಣು, ಮೊಸರು ಕೊಡೋದಕ್ಕೇ ಹೀಗಾಗ್ತಿದೆ ಅಂತ ಅತ್ತೆ. ಶಕ್ತಿ ಕಮ್ಮಿ ಇದೆಯಾ? ಒಳ್ಳೆ ಸಿರಪ್ ಹೇಳಿ.

ಉತ್ತರ: ಈ ವಯಸ್ಸಿಗೆ ವರ್ಷಕ್ಕೆ ಆರರಿಂದ ಎಂಟು ನೆಗಡಿ ಮಾಮೂಲು. ಅದರಲ್ಲಿ ಹೆಚ್ಚಿನವು ಮಳೆ ಮತ್ತು ಚಳಿ ತಿಂಗಳಲ್ಲೇ ಬರ್ತವೆ. ಒಂದೊಂದು ನೆಗಡಿ ಏಳರಿಂದ ಹತ್ತು ದಿನ ಇರುತ್ತೆ, ಕೆಮ್ಮು ಎರಡು-ಮೂರು ವಾರ ಎಳೆಯುತ್ತೆ. ಲೆಕ್ಕ ಹಾಕಿ ನೋಡಿ, ಬಿಡುವೇ ಇಲ್ಲ ಅನ್ನಿಸೋದು ಸಹಜ. ತೂಕ ಏರ್ತಾ ಇದ್ದು, ನಡುವೆ ಆಡ್ಕೊಂಡಿದ್ದರೆ ಶಕ್ತಿ ಕಮ್ಮಿ ಏನಿಲ್ಲ. ನೆಗಡಿ ತರೋದು ವೈರಸ್. ಅಂಗನವಾಡಿಗೆ ಹೋಗೋ ಅಣ್ಣ, ಮದುವೆ ಮನೆ, ಮಗು ಮುಖಕ್ಕೆ ಮುಖ ತಾಗಿಸಿ ಮುದ್ದಾಡೋ ನೆಂಟರು, ಇವರಿಂದ ಬರುತ್ತೆ. ಬಾಳೆಹಣ್ಣಿನಿಂದಲೂ ಬರಲ್ಲ, ಮೊಸರಿನಿಂದಲೂ ಬರಲ್ಲ. ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟು ಕೊಡಿ, ಅತ್ತೆಗೂ ಸಮಾಧಾನ.

ಸಿರಪ್ ಹೇಳಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಏನಾಯ್ತು ಅಂತ ಎಲ್ಲರೂ ಓದಿದ್ದೀರಿ. ಡೈಎಥಿಲೀನ್ ಗ್ಲೈಕಾಲ್ ಅನ್ನೋ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಕಿಡ್ನಿ ಕೆಟ್ಟು ಪುಟ್ಟ ಮಕ್ಕಳು ತೀರಿಹೋದರು. ಆ ಅಕ್ಟೋಬರ್‌ನಲ್ಲೇ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿ ಔಷಧಿ ಬರೆಯಬೇಡಿ, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ ಅಂತ ಸಲಹೆ ಕೊಟ್ಟಿತು. ಕಲಬೆರಕೆ ಇಲ್ಲದ ಸಿರಪ್ಪೂ ಈ ವಯಸ್ಸಿನಲ್ಲಿ ನೆಗಡಿಯನ್ನ ಒಂದು ದಿನವೂ ಬೇಗ ಓಡಿಸಲ್ಲ. ಮಗು ಮಂಪರಾಗುತ್ತೆ, ಅದನ್ನೇ ನಾವು ಗುಣ ಅಂದ್ಕೋತೀವಿ.

ಮೂಗು ಕಟ್ಟಿದ್ದರೆ ಮೆಡಿಕಲ್ ಶಾಪಿನ ಉಪ್ಪುನೀರಿನ ಹನಿ, ಊಟಕ್ಕೆ ಮತ್ತು ನಿದ್ದೆಗೆ ಮುಂಚೆ ಎರಡೆರಡು ಹನಿ. ವರ್ಷ ತುಂಬಿದೆ, ಹಾಗಾಗಿ ರಾತ್ರಿ ಮಲಗೋ ಮುಂಚೆ ಅರ್ಧ ಚಮಚ ಜೇನುತುಪ್ಪ ನೆಕ್ಕಿಸಬಹುದು. ವರ್ಷದೊಳಗಿನ ಮಕ್ಕಳಿಗೆ ಜೇನು ಮುಟ್ಟಿಸಲೇಬೇಡಿ.

ಅದೇ ತಾಯಿ: ರಾತ್ರಿ ಎದೆಯಲ್ಲಿ ಗೊರಗೊರ ಅಂತ ಸದ್ದು ಬರುತ್ತೆ. ಆಸ್ಪತ್ರೆಗೆ ಯಾವಾಗ ಓಡಬೇಕು?

ಉತ್ತರ: ಎಷ್ಟೋ ಸಲ ಆ ಸದ್ದು ಮೂಗಿಂದು, ಎದೆಗೆ ಕೈ ಇಟ್ಟರೆ ಅಲ್ಲಿಂದ ಬಂದಂಗೆ ಅನ್ನಿಸುತ್ತೆ. ಸದ್ದಿಗಿಂತ ಉಸಿರನ್ನ ನೋಡಿ. ಮಗು ಮಲಗಿರುವಾಗ, ಜ್ವರ ಇದ್ದರೆ ಅದು ಇಳಿದ ಮೇಲೆ, ಅಂಗಿ ಎತ್ತಿ. ಮೊಬೈಲ್‌ನಲ್ಲಿ ಪೂರ್ತಿ ಒಂದು ನಿಮಿಷ ಟೈಮರ್ ಇಟ್ಟು ಹೊಟ್ಟೆ ಎಷ್ಟು ಸಲ ಏರಿಳಿಯುತ್ತೆ ಎಣಿಸಿ. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ಅಥವಾ ಹೆಚ್ಚಾದರೆ ಅದು ವೇಗದ ಉಸಿರು, ಅವತ್ತೇ ತೋರಿಸಿ. ಉಸಿರು ಎಳೆದಾಗ ಪಕ್ಕೆ ಕೆಳಗೆ ಗುಳಿ ಬೀಳೋದು, ಉಸಿರಿಗೊಮ್ಮೆ ನರಳೋದು, ತುಟಿ ನೀಲಿ ಆಗೋದು, ಏನೂ ಕುಡಿಯದೆ ಮಂಕಾಗಿ ಬಿದ್ದಿರೋದು, ಇವಕ್ಕೆ ಬೆಳಗಾಗಲಿ ಅಂತ ಕಾಯಬೇಡಿ.

ಪ್ರಶ್ನೆ (ಹರಿಹರದ ತಂದೆ): ಜ್ವರಕ್ಕೆ ಮನೇಲಿ ಪ್ಯಾರಾಸಿಟಮಾಲ್ ಡ್ರಾಪ್ಸೂ ಇದೆ, ಸಿರಪ್ಪೂ ಇದೆ. ಮಗ 10 ಕೆಜಿ. 5 ಎಂಎಲ್ ಕೊಡಬಹುದಾ?

ಉತ್ತರ: ಯಾವುದರಲ್ಲಿ 5 ಎಂಎಲ್? ಪ್ರಶ್ನೆ ಇರೋದೇ ಅಲ್ಲಿ. ಕೆಜಿಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ನಿಮ್ಮ ಮಗನಿಗೆ ಒಂದು ಸಲಕ್ಕೆ 150 ಮಿಲಿಗ್ರಾಂ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತೆ, ಅಂದ್ರೆ ಒಂದೂವರೆ ಎಂಎಲ್ ಸಾಕು. ಪ್ರತಿ 5 ಎಂಎಲ್‌ಗೆ 250 ಮಿಲಿಗ್ರಾಂ ಅಂತ ಬರೆದಿರೋ ಸಿರಪ್ ಆದರೆ 3 ಎಂಎಲ್. 5 ಎಂಎಲ್‌ಗೆ 120 ಮಿಲಿಗ್ರಾಂನದ್ದಾದರೆ 6 ಎಂಎಲ್‌ಗೆ ಚೂರು ಹೆಚ್ಚು. ಡ್ರಾಪ್ಸನ್ನೇ 5 ಎಂಎಲ್ ಕೊಟ್ಟರೆ 500 ಮಿಲಿಗ್ರಾಂ, ದೊಡ್ಡೋರ ಮಾತ್ರೆಯಷ್ಟು! ಎರಡರಲ್ಲಿ ಒಂದನ್ನ ಇವತ್ತೇ ಮನೆಯಿಂದ ಆಚೆ ಹಾಕಿ. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಅಡುಗೆ ಚಮಚದಲ್ಲಿ ಅಳೀಬೇಡಿ. ಮೂರು ದಿನ ದಾಟಿದ ಜ್ವರಕ್ಕೆ ಡಾಕ್ಟರನ್ನ ಕಾಣಿ.

ಪ್ರಶ್ನೆ (ಚಿತ್ರದುರ್ಗ, ಜೋಗಿಮಟ್ಟಿ ರಸ್ತೆಯ ತಾಯಿ, ಮಗ ಎರಡು ವರ್ಷ): ಗಾಳಿ ಅಂದ್ರೆ ಗಾಳಿ ಇಲ್ಲಿ, ಬೆಳಗ್ಗೆ ಮೈ ಕೊರೆಯುತ್ತೆ. ಎರಡು ಸ್ವೆಟರ್, ಕುಲಾವಿ, ಸಾಕ್ಸ್ ಹಾಕಿ ಕೌದಿ ಹೊದಿಸಿ ಮಲಗಿಸ್ತೀವಿ. ಆದ್ರೂ ರಾತ್ರಿ ಪೂರ್ತಿ ಒದ್ದಾಡ್ತಾನೆ, ಬೆನ್ನು ಒದ್ದೆ. ನಮ್ಮಮ್ಮ ಎಣ್ಣೆ-ನೀರು ಹಾಕಿದ ಮೇಲೆ ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಹಿಡೀತಾರೆ. ರಾತ್ರಿ ಅದೇ ಕೆಂಡ ಕೋಣೇಲಿ ಇಡ್ತಾರೆ. ಸರೀನಾ?

ಉತ್ತರ: ಮೊದಲು ಕೆಂಡ. ಬಾಗಿಲು-ಕಿಟಕಿ ಮುಚ್ಚಿದ ಕೋಣೇಲಿ ಇದ್ದಿಲ ಕೆಂಡ ಇಟ್ಟು ಮಲಗೋದು ಇವತ್ತಿಗೇ ನಿಲ್ಲಬೇಕು. ಅದರಿಂದ ಬರೋ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದೋರು ಏಳೋದೇ ಇಲ್ಲ. ಗಾಳಿ ಆಡದ ಬಚ್ಚಲಮನೆಯಲ್ಲಿ ಗ್ಯಾಸ್ ಗೀಸರ್ ಇಟ್ಕೊಂಡಿರೋರಿಗೂ ಇದೇ ಮಾತು. ಗೀಸರ್ ಆಚೆ ಇರಲಿ, ಇಲ್ಲವಾದರೆ ಬಕೆಟ್ ತುಂಬಿಸಿ ಆರಿಸಿದ ಮೇಲೆ ಮಗುವನ್ನ ಒಳಗೆ ಕರ್ಕೊಳ್ಳಿ.

ಲೋಬಾನದ ಹೊಗೆಯೂ ಸಿಗರೇಟು ಹೊಗೆ ಥರಾನೇ ಉಸಿರಿನ ನಾಳಕ್ಕೆ ಕಿರಿಕಿರಿ. ಮೊದಲೇ ಕಫ ಇರೋ ಮಗುವಿಗೆ ಉಬ್ಬಸ ಕೆರಳುತ್ತೆ. ಅಮ್ಮನಿಗೆ ಬೇಜಾರಾಗಬಾರದು ಅಂದ್ರೆ ದೇವರ ಮನೇಲಿ ಹಾಕಲಿ, ಮಗು ಆಚೆ ಇರಲಿ. ತಲೆ ಟವೆಲ್‌ನಲ್ಲಿ ಒರೆಸಿದರೆ ಒಣಗುತ್ತೆ. ಹಾಗೇ ಎಣ್ಣೆ ಮೈಗೆ ಹಚ್ಚಿ, ಮೂಗಿಗೆ-ಕಿವಿಗೆ ಬಿಡಬೇಡಿ. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಆಗೋ ನ್ಯುಮೋನಿಯಾ ಹಠಮಾರಿ. ಕರ್ಪೂರ ಇರೋ ಮುಲಾಮು ಎರಡು ವರ್ಷದೊಳಗೆ ಬೇಡವೇ ಬೇಡ. ಆಮೇಲೂ ಮೂಗಿನೊಳಗೆ ಸವರಬೇಡಿ, ಡಬ್ಬಿ ಕೈಗೆ ಸಿಗೋ ಹಂಗೆ ಇಡಬೇಡಿ. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತೆ.

ಇನ್ನು ಬಟ್ಟೆ. ಒದ್ದಾಟಕ್ಕೆ ಕಾರಣ ನೀವೇ ಬರೆದಿದ್ದೀರಿ, ಬೆನ್ನು ಒದ್ದೆ. ನೀವು ಹಾಕ್ಕೊಳ್ಳೋದಕ್ಕಿಂತ ಒಂದು ಪದರ ಹೆಚ್ಚು ಸಾಕು. ಒಳಗೆ ಹತ್ತಿ ಅಂಗಿ, ಮೇಲೆ ಒಂದು ಸ್ವೆಟರ್, ಮಲಗುವಾಗ ಕುಲಾವಿ ತೆಗೀರಿ. ಕೈಕಾಲು ಮುಟ್ಟಿ ಚಳಿ ಅಳೀಬೇಡಿ, ಅವು ತಣ್ಣಗೇ ಇರ್ತವೆ. ಕತ್ತಿನ ಹಿಂದೆ ಎರಡು ಬೆರಳು ತೂರಿಸಿ ನೋಡಿ: ಬೆಚ್ಚಗೆ, ಒಣಗಿ ಇದ್ದರೆ ಸರಿ. ನಮ್ಮ ಕಡೆ ಡಿಸೆಂಬರ್ ಬೆಳಗು 15 ಡಿಗ್ರಿ ಆಸುಪಾಸು ಇದ್ದರೂ ಮಧ್ಯಾಹ್ನ 30ರ ಹತ್ತಿರ ಹೋಗುತ್ತೆ. ಬೆಳಗ್ಗೆ ಏರಿಸಿದ ಮಂಕಿ ಕ್ಯಾಪು ಮಧ್ಯಾಹ್ನ ಎರಡು ಗಂಟೆಗೂ ತಲೆ ಮೇಲೇ ಇರೋ ಮಕ್ಕಳನ್ನ ಓಪಿಡಿಯಲ್ಲಿ ದಿನಾ ನೋಡ್ತೀನಿ.

ಇನ್ನೊಬ್ಬರು (ಚಳ್ಳಕೆರೆ): ನಮ್ಮೂರ ಕಂಬಳಿ ಹೊದಿಸಬಹುದಾ ಮೇಡಂ?

ಉತ್ತರ: ನಿಮಗೆ ಹೊದ್ಕೊಳ್ಳಿ! ಮಗುವಿನ ಚರ್ಮಕ್ಕೆ ಉಣ್ಣೆ ಚುಚ್ಚುತ್ತೆ, ಕೆರೆತ ಇರೋ ಮಕ್ಕಳಿಗೆ ಇನ್ನೂ ಹೆಚ್ಚು. ಕೆಳಗೆ ಹಾಸಿ, ಅದರ ಮೇಲೆ ಹತ್ತಿ ಬಟ್ಟೆ ಹಾಕಿ.

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ಕೆನ್ನೆ, ಮೊಣಕಾಲು ಬಿರುಕು ಬಿಟ್ಟು ಉರಿ ಅಂತ ಅಳ್ತಾಳೆ. ದಿನಾ ಬಿಸಿನೀರಲ್ಲಿ ಕಡಲೆಹಿಟ್ಟು ಹಾಕಿ ಉಜ್ಜಿ ಸ್ನಾನ ಮಾಡಿಸ್ತೀವಿ.

ಉತ್ತರ: ಉಜ್ಜೋದನ್ನೂ ಕಡಲೆಹಿಟ್ಟನ್ನೂ ಬಿಡಿ. ಉಗುರುಬೆಚ್ಚಗಿನ ನೀರು, ಐದು ನಿಮಿಷದ ಸ್ನಾನ, ಸೋಪು ಕಂಕುಳು-ತೊಡೆ ಸಂದಿಗೆ ಮಾತ್ರ. ಟವೆಲ್ ಒತ್ತಿ ಒರೆಸಿ, ಮೈ ಇನ್ನೂ ಪಸೆ ಇರುವಾಗಲೇ ಕೊಬ್ಬರಿ ಎಣ್ಣೆಯನ್ನೋ ವಾಸನೆ ಇಲ್ಲದ ಕ್ರೀಮನ್ನೋ ಹಚ್ಚಿ. ದಿನ ಬಿಟ್ಟು ದಿನ ಸ್ನಾನ ಮಾಡಿಸಿದರೂ ನಡೆಯುತ್ತೆ.

ಬಿಸಿನೀರಿನ ಮಾತು ಬಂದದ್ದಕ್ಕೆ ಎಲ್ಲರಿಗೂ ಹೇಳಿಬಿಡ್ತೀನಿ. ಬಕೆಟ್‌ಗೆ ಯಾವಾಗಲೂ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಕಾಯಿಲ್ ಹಾಕಿದ ಬಕೆಟ್ ಇರೋ ಬಚ್ಚಲಿಗೆ ಚಿಲಕ ಹಾಕಿ. ಎರಡು ವರ್ಷದ ಮಗುವಿಗೆ ಮೈ ಅಳತೆಗೆ ಹೋಲಿಸಿದರೆ ತಲೆ ಭಾರ, ಬಕೆಟ್ ಒಳಗೆ ಬಗ್ಗಿ ನೋಡಿದರೆ ಮುಗ್ಗರಿಸಿಬಿಡುತ್ತೆ. ಸುಟ್ಟರೆ ನಲ್ಲಿ ಕೆಳಗೆ ಹಿಡಿದು 20 ನಿಮಿಷ ತಣ್ಣೀರು ಬಿಡಿ. ಟೂತ್‌ಪೇಸ್ಟ್, ಅರಿಸಿನ, ತುಪ್ಪ ಯಾವುದೂ ಬೇಡ. ನೆಗಡಿಗೆ ಅಂತ ಪಾತ್ರೆ ಮುಂದೆ ಕೂರಿಸಿ ಹಬೆ ಹಿಡಿಸೋದನ್ನೂ ಈ ವಯಸ್ಸಿಗೆ ಮಾಡಬೇಡಿ.

ಪ್ರಶ್ನೆ (ಜಗಳೂರು ತಾಲ್ಲೂಕಿನ ಹಳ್ಳಿ, ತಂದೆ): ಮೆಕ್ಕೆಜೋಳ ಒಕ್ಕೋ ಟೈಮಲ್ಲಿ ಪ್ರತಿ ವರ್ಷ ಮಗನಿಗೆ ಉಬ್ಬಸ. ಡಾಕ್ಟ್ರು ಪಂಪ್ (ಇನ್ಹೇಲರ್) ಬರೆದಾರೆ. ಅದು ಹಾಕಿದ್ರೆ ಜೀವಮಾನ ಬಿಡಾಕಾಗಲ್ಲ ಅಂತಾರಲ್ರಿ?

ಉತ್ತರ: ಅದು ಬರೀ ಮಾತು. ಸಿರಪ್ ಹೊಟ್ಟೆಗೆ ಹೋಗಿ ರಕ್ತದಲ್ಲಿ ಸುತ್ತಿ ಎದೆಗೆ ಬರಬೇಕು, ಪಂಪಿನ ಔಷಧಿ ನೇರ ಅಲ್ಲಿಗೇ ಹೋಗುತ್ತೆ, ಅದಕ್ಕೇ ಬಹಳ ಕಡಿಮೆ ಪ್ರಮಾಣ ಸಾಕು. ಅಭ್ಯಾಸ ಆಗಲ್ಲ. ಆದರೆ ಪುಟ್ಟ ಮಗುವಿಗೆ ಸ್ಪೇಸರ್ (ಪಂಪಿಗೆ ಸಿಕ್ಕಿಸೋ ಅಗಲ ಕೊಳವೆ), ಮಾಸ್ಕ್ ಇಲ್ಲದೆ ಬರೀ ಪಂಪ್ ಒತ್ತಿದರೆ ಔಷಧಿ ನಾಲಿಗೆ ಮೇಲೇ ಉಳಿಯುತ್ತೆ. ಮಾಸ್ಕ್ ಮೂಗು-ಬಾಯಿಗೆ ಬಿಗಿಯಾಗಿ ಕೂರಲಿ, ಒಂದು ಸಲ ಒತ್ತಿ ಐದಾರು ಉಸಿರು ತಗೊಳ್ಳಲಿ, ಆಮೇಲೆ ಎರಡನೇದು. ಮಷಿನ್ ಓಡೋ ದಿನ ಮಗುವನ್ನ ಅಜ್ಜಿ ಮನೆಗೆ ಕಳಿಸಿ. ತೊಗರಿ ಕಟ್ಟಿಗೆ ಒಲೆ ಹತ್ತಿರವೂ ಕೂರಿಸ್ಕೋಬೇಡಿ.

ಪ್ರಶ್ನೆ (ಹಿರಿಯೂರಿನ ಅಜ್ಜ): ಮೊಮ್ಮಗ ಎರಡು ವರ್ಷದವ್ನು. ಮನೇಲೇ ಬೆಳ್ದ ಶೇಂಗಾ, ಹುರಿದು ಕೊಟ್ರೆ ಏನು ಇಷ್ಟ ಅಂತೀರಿ! ಸೊಸೆ ಕೊಡಂಗಿಲ್ಲ ಅಂತಾಳೆ. ಸಂಕ್ರಾಂತಿಗೆ ಎಳ್ಳು-ಬೆಲ್ಲನೂ ಬ್ಯಾಡವಂತೆ. ಇದು ಅತಿ ಅಲ್ವೇನ್ರಿ?

ಉತ್ತರ: ಅಜ್ಜಾರೇ, ಈ ಒಂದು ವಿಷಯದಲ್ಲಿ ನಾನು ಪೂರ್ತಿ ಸೊಸೆ ಕಡೆ. ಚಳಿ-ನೆಗಡಿಗಿಂತ ನನಗೆ ಹೆಚ್ಚು ಭಯ ಇರೋದು ಈ ಕಾಳಿನ ಬಗ್ಗೆ.

ಶೇಂಗಾ ಅರೆಯೋ ಹಿಂದಿನ ದವಡೆ ಹಲ್ಲು ಬರೋದು ಎರಡರಿಂದ ಮೂರು ವರ್ಷದ ನಡುವೆ. ಅಲ್ಲೀವರೆಗೆ ಮಗು ಮುಂದಿನ ಹಲ್ಲಲ್ಲಿ ಕಡಿದು, ತುಂಡನ್ನ ಹಾಗೇ ಬಾಯಲ್ಲಿ ಇಟ್ಕೊಂಡು ಓಡುತ್ತೆ, ನಗುತ್ತೆ, ಬೀಳುತ್ತೆ. ಆಗ ಒಂದು ಜೋರು ಉಸಿರು ಎಳೆದರೆ ತುಂಡು ಉಸಿರುನಾಳಕ್ಕೆ ಹೋಗುತ್ತೆ. ಎಷ್ಟೋ ಸಲ ಬಲಗಡೆಗೆ, ಯಾಕಂದ್ರೆ ಆ ಕಡೆ ನಾಳ ಅಗಲ, ನೆಟ್ಟಗೂ ಇರುತ್ತೆ. ಅಲ್ಲಿ ಪಸೆ ಹೀರಿ ಉಬ್ಬುತ್ತೆ, ಅದರ ಎಣ್ಣೆ ಸುತ್ತ ಊತ ತರುತ್ತೆ. ಎಕ್ಸ್-ರೇಯಲ್ಲಿ ಶೇಂಗಾ ಕಾಣಲ್ಲ. ತಿನ್ನುವಾಗ ಒಂದೆರಡು ನಿಮಿಷ ಜೋರು ಕೆಮ್ಮು, ಆಮೇಲೆ ಸುಮ್ಮನಾಗ್ತಾನೆ, ಮನೆಯೋರು ಮರೀತಾರೆ. ವಾರಗಟ್ಟಲೆ ಕೆಮ್ಮು ಹೋಗದೆ, ಒಂದೇ ಪಕ್ಕದಲ್ಲಿ ನ್ಯುಮೋನಿಯಾ ಅಂತ ಬಂದಾಗ ನಾವು ಕೇಳೋ ಮೊದಲ ಪ್ರಶ್ನೆ, ಶೇಂಗಾ ತಿಂದಿದ್ನಾ? ಆಮೇಲೆ ಮಗುವಿಗೆ ಅರಿವಳಿಕೆ ಕೊಟ್ಟು ಬ್ರಾಂಕೋಸ್ಕೋಪಿಯಲ್ಲಿ, ಅಂದ್ರೆ ಉಸಿರುನಾಳಕ್ಕೆ ದುರ್ಬೀನು ಕೊಳವೆ ಇಳಿಸಿ ತೆಗೀಬೇಕು. ತಿನ್ನುವಾಗ ಹಂಗೆ ಗಕ್ಕನೆ ಕೆಮ್ಮಿದ್ದರೆ, ಆಮೇಲೆ ಸರಿಹೋದಂಗೆ ಕಂಡರೂ ತೋರಿಸಿ.

ನಾಲ್ಕು ವರ್ಷ ತುಂಬೋವರೆಗೆ ಇಡೀ ಶೇಂಗಾ, ಹುರಿಗಡಲೆ, ಕೊಬ್ಬರಿ ಚೂರು ಬೇಡ. ಎಳ್ಳು-ಬೆಲ್ಲವನ್ನ ಮಿಕ್ಸಿಗೆ ಹಾಕಿ ನುಣ್ಣಗೆ ಪುಡಿ ಮಾಡಿ, ಚೂರು ತುಪ್ಪದಲ್ಲಿ ಮೆತ್ತಗೆ ಉಂಡೆ ಕಟ್ಟಿ ಕೊಡಿ. ಶೇಂಗಾ ಚಟ್ನಿಪುಡಿ ಅನ್ನಕ್ಕೆ ಕಲಸಿ ಕೊಡಿ, ರುಚಿಗೆ ಮೋಸ ಇಲ್ಲ. ಅವರೆಕಾಳು ಹಿಸುಕಿ ಕೊಡಿ. ಸಂಕ್ರಾಂತಿ ಸಂಜೆ ಎಲಚಿಹಣ್ಣು ಎರೆಯೋ ಪದ್ಧತಿ ಇರೋ ಮನೆಗಳಲ್ಲಿ ಇನ್ನೊಂದು ಎಚ್ಚರ. ತಲೆ ಮೇಲಿಂದ ಸುರಿದ ಹಣ್ಣು, ಕಬ್ಬಿನ ತುಂಡು, ಚಿಲ್ಲರೆ ಕಾಸು ನೆಲದ ತುಂಬ ಉರುಳಿರ್ತವೆ. ದೊಡ್ಡ ಮಕ್ಕಳು ಆರಿಸ್ಕೊಂಡು ಓಡಿದ ಮೇಲೆ ಸೋಫಾ ಕೆಳಗೆ ಉಳಿದದ್ದು ಸಿಗೋದು ಅಂಬೆಗಾಲಿಡೋ ಕೂಸಿಗೆ. ಫೋಟೋ ತೆಗೆದ ಕೂಡಲೇ ಪೊರಕೆ ತಗೊಳ್ಳಿ.

ಅಜ್ಜ: ಗಂಟಲಿಗೆ ಸಿಕ್ಕೇಬಿಟ್ರೆ ಏನ್ ಮಾಡಾದು?

ಉತ್ತರ: ಜೋರಾಗಿ ಕೆಮ್ತಾ, ಅಳ್ತಾ ಇದ್ದರೆ ಕೆಮ್ಮೋಕೆ ಬಿಡಿ. ಸದ್ದೇ ನಿಂತರೆ ಮುಂದಕ್ಕೆ ಬಗ್ಗಿಸಿ, ಎರಡು ಹೆಗಲೆಲುಬಿನ ನಡುವೆ ಅಂಗೈ ಹಿಮ್ಮಡಿಯಿಂದ ಐದು ಏಟು ಹಾಕಿ. ಹೊರಗೆ ಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ಮತ್ತೆ ಬೆನ್ನಿಗೆ. ಒಬ್ಬರು 108ಕ್ಕೆ ಫೋನ್ ಮಾಡಲಿ. ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆ ಮಧ್ಯೆ ಒಂದು ಅಂಗೈ ಹಿಮ್ಮಡಿಯಿಂದ ಒತ್ತಬೇಕು. ಕಾಣದೇ ಇರೋ ತುಂಡಿಗೆ ಬಾಯೊಳಗೆ ಬೆರಳು ಹಾಕಿ ತಡಕಾಡಬೇಡಿ, ಇನ್ನೂ ಒಳಗೆ ಹೋಗುತ್ತೆ.

ಪ್ರಶ್ನೆ (ಕುಂದವಾಡ ಕೆರೆ ಹತ್ತಿರದ ತಾಯಿ): ಬೆಳಗ್ಗೆ ಏಳು ಗಂಟೆಗೆ ಎಳೆ ಬಿಸಿಲಿಗೆ ಅಂತ ಕೆರೆ ಏರಿ ಮೇಲೆ ಕರ್ಕೊಂಡು ಹೋಗ್ತೀವಿ, ವಿಟಮಿನ್ ಡಿಗೆ. ಮಂಜು ಇರುತ್ತೆ, ಪರವಾಗಿಲ್ವಾ?

ಉತ್ತರ: ಗಾಳಿಗೆ ಒಳ್ಳೇದು, ಹಕ್ಕಿ ತೋರಿಸೋಕೆ ಒಳ್ಳೇದು, ವಿಟಮಿನ್ ಡಿಗೆ ಮಾತ್ರ ಅಲ್ಲ. ಚರ್ಮದಲ್ಲಿ ಅದನ್ನ ಮಾಡೋ ಕಿರಣ ಏಳು ಗಂಟೆ ಬಿಸಿಲಲ್ಲಿ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಹತ್ತು-ಹನ್ನೊಂದರ ಹೊತ್ತಿಗೆ ಕೈಕಾಲು ಬಿಟ್ಟು ಅಂಗಳದಲ್ಲಿ ಆಡಲಿ. ಚಳಿಗಾಲದಲ್ಲಿ ಆ ಬಿಸಿಲೂ ಹಿತವಾಗೇ ಇರುತ್ತೆ.

ಪ್ರಶ್ನೆ (ಹೊಳಲ್ಕೆರೆ): ನೀರೇ ಕುಡಿಯಲ್ಲ, ಬರೀ ಹಾಲು. ಮಲ ಗಟ್ಟಿ, ಅಳ್ತಾನೆ.

ಉತ್ತರ: ಹಾಲು ದಿನಕ್ಕೆ ಅರ್ಧ ಲೀಟರ್ ದಾಟದಿರಲಿ. ಹೆಚ್ಚಾದರೆ ಊಟ ಸೇರಲ್ಲ, ಮಲಬದ್ಧತೆ, ರಕ್ತಹೀನತೆ ಎರಡೂ ಜೊತೆಗೇ ಬರ್ತವೆ. ಬೆಚ್ಚಗಿನ ನೀರು, ತಿಳಿಸಾರು, ಪಪ್ಪಾಯಿ ಕೊಡಿ. ಬಾಟಲಿ ಬಿಡಿಸಿ, ಲೋಟ ಹಿಡಿಸಿ.

ಪ್ರಶ್ನೆ (ಹೊನ್ನಾಳಿ, ತಾಯಿ): ನಾಳೆ ಒಂದೂವರೆ ವರ್ಷದ ಇಂಜೆಕ್ಷನ್. ಮೂಗು ಸೋರ್ತಾ ಇದೆ, ಮುಂದಕ್ಕೆ ಹಾಕ್ಲಾ?

ಉತ್ತರ: ಮುಂದಕ್ಕೆ ಹಾಕಬೇಡಿ. ಜೋರು ಜ್ವರ ಇಲ್ಲ, ಆಡ್ಕೊಂಡಿದಾನೆ ಅಂದ್ರೆ ಬರೀ ನೆಗಡಿ ಅಡ್ಡಿ ಅಲ್ಲ. ದಡಾರ-ರುಬೆಲ್ಲಾ ಎರಡನೇ ಡೋಸ್ ಮತ್ತು ಡಿಪಿಟಿ ಬೂಸ್ಟರ್ ಈ ವಯಸ್ಸಿನಲ್ಲೇ ಬರೋದು. ಫ್ಲೂ ಲಸಿಕೆ ಸರ್ಕಾರಿ ಪಟ್ಟಿಯಲ್ಲಿಲ್ಲ, ಬೇಕಿದ್ದರೆ ನಿಮ್ಮ ಡಾಕ್ಟರ್ ಹತ್ತಿರ ಕೇಳಿ. ಮೊದಲ ಸಲ ಕೊಡೋದಾದರೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್. ತಾಯಿ ಕಾರ್ಡ್ ಈಗಲೇ ಬ್ಯಾಗಿಗೆ ಹಾಕಿಡಿ.